ಒಂದು ಸಣ್ಣ ತೂತಿನ ಪರವಾಗಿ

ಶೀರ್ಷಿಕೆಯನ್ನು ಕಂಡು ವಾಚಕ ಮಹಾಶಯರು ನಗಬಹುದು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಹೊರಟವಳಿಗೆ ವಚನ ಸಾಹಿತ್ಯ, ಹಂಪೆಯ ಪ್ರವಾಸ, ವಿದ್ಯಾರ್ಥಿಗಳೂ ಶಿಸ್ತೂ ಮೊದಲಾದ ಘನವಾದ ವಿಷಯಗಳು ಯಾವುವೂ ದೊರೆಯಲಿಲ್ಲವೇ, ತೂತಿನ ವಿಚಾರವೇ ಬೇಕಾಯಿತೇ ಎಂದು ಕೇಳಲೂಬಹುದು. ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆಯನ್ನು ನೆನೆದು ಕ್ಷಮಿಸಬೇಕು. ನಾನು ಹೇಳಹೊರಟಿರುವುದು ದೋಸೆಯ ತೂತಲ್ಲ. ಕಾರಿನ ಸ್ಟೀರಿಯೋ ಪೆಟ್ಟಿಗೆಯ ಮುಖದ ಮೇಲಿರಬೇಕಾದ, ಹೆಸರುಕಾಳು ಹಿಡಿಸುವಷ್ಟೇ ಅಗಲದ ಒಂದು ತೂತು. ಅಂಗಡಿಗಳಲ್ಲಿ ಅದಕ್ಕೆ "ಆಕ್ಸ್" ಎನ್ನುತ್ತಾರೆ. ಜೇಬಿನಲ್ಲಿಟ್ಟುಕೊಳ್ಳುವ ಹಾಡಿನ ಪ್ಲೇಯರಿಗೂ, ಕಾರಿನೊಡನೆಯೇ ಕಂಪನಿಯಿಂದ ಬಂದ ಸ್ಟೀರಿಯೋಗೂ ಒಂದು ತಂತಿಯಿಂದ ಸಂಬಂಧ ಕಲ್ಪಿಸುವ ದ್ವಾರ ಅದು. ಆ ದ್ವಾರವನ್ನು ಮುಚ್ಚುವುದು ತಪ್ಪು, ತೆರೆದಿಡುವುದು ಸರಿ ಎಂಬುದೇ ಈ ಲೇಖನದ ಒಟ್ಟು ತಾತ್ಪರ್ಯ.

ಈ ವಿಷಯವನ್ನು ತಿಳಿಸಿದಾಗ ವಿಜ್ಞಾನ ಓದುತ್ತಿರುವ ನನ್ನ ಗೆಳತಿಯೊಬ್ಬಳು, "ಹಳಗನ್ನಡ ಓದುವವರಿಗೆ ತಂತಿಯ ಗೊಡವೆ ಏಕೆ?" ಎಂದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಕೊಡುತ್ತೇನೆ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿ, "ಆಕಾಶವಾಣಿ" ಎಂಬ ಹೆಸರಿನಿಂದ ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರಾಗಿರಲಿಲ್ಲ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನು ಕುರಿತು ಪಾಠ ಹೇಳುವವರು ಊರಿಗೇ ಹಾಡು ಕೇಳಿಸಬಹುದಾದರೆ, ಹಳಗನ್ನಡ ಓದುವವಳು ಒಂದು ಕಾರಿನೊಳಗೆ ಹಾಡು ಕೇಳಿಸಲು ಯತ್ನಿಸಿದ್ದು ಅಪರಾಧವೇನೂ ಅಲ್ಲವಷ್ಟೆ.

ಇನ್ನು ನಡೆದ ಸಂಗತಿಗೆ ಬರೋಣ. ನಮ್ಮದು ತಿಪಟೂರಿನ ಕಡೆಯ ಹಳ್ಳಿ. ಅಪ್ಪ ಕೊಬ್ಬರಿ ವ್ಯಾಪಾರದಲ್ಲಿದ್ದಾರೆ. ನನ್ನ ಅಜ್ಜಿ, ಎಂದರೆ ಅಪ್ಪನ ತಾಯಿ, ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಬಲ್ಲವಳು. ಸುತ್ತಮುತ್ತಲ ಹಳ್ಳಿಗಳಲ್ಲಿ ಮದುವೆಯಾದರೆ ಅವಳಿಗೆ ಕರೆ ಬರುತ್ತಿತ್ತು. ೨೦೧೧ರಲ್ಲಿ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಸಣ್ಣ ಪ್ಲೇಯರನ್ನು ತಂದಿದ್ದ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದು, ಮೇಲೆ ಐದು ಗುಂಡಿಗಳು. ಅದರಲ್ಲಿ ಹಾಡು ಕೇಳಬಹುದಾಗಿತ್ತು, ಮಾತನ್ನು ಹಿಡಿದಿಡಲೂ ಬಹುದಾಗಿತ್ತು. ಅವನು ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ ಮೂರು ಸಂಜೆ ಹಾಡಿಸಿದ. ಇಪ್ಪತ್ತೆರಡು ಪದಗಳಾದವು. ೨೦೧೭ರಲ್ಲಿ ಅಜ್ಜಿ ತೀರಿಕೊಂಡಳು. ಆ ಪದಗಳನ್ನು ಪೂರ್ತಿಯಾಗಿ ಬಲ್ಲವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ. ಪ್ಲೇಯರ್ ಮಾತ್ರ ಇದೆ.

ಅಪ್ಪನಿಗೆ ಬಿಡುವೆಂಬುದು ಸಿಕ್ಕುವುದು ಸ್ಟೀರಿಂಗ್ ಹಿಡಿದಾಗಲೇ. ವಾರಕ್ಕೆ ಒಂದೆರಡು ಬಾರಿ ಬಿ. ಎಚ್. ರಸ್ತೆಯಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾರು ಓಡಿಸುವುದು ಅಪಾಯ. ಹಿಂದೆ ಬರುವ ಲಾರಿಯ ಹಾರನ್ನು ಕೇಳಿಸುವುದಿಲ್ಲ. ಆದುದರಿಂದ ಆ ಪದಗಳು ಕಾರಿನ ಸ್ಪೀಕರಿನಲ್ಲೇ ಬರಬೇಕೆಂಬುದು ಅವರ ಆಸೆ. ಆಸೆ ದೊಡ್ಡದಲ್ಲ. ಆದರೆ ಕಾರು ೨೦೧೦ರದು, ಮೂರು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. ಅದರ ಸ್ಟೀರಿಯೋ ಕಂಪನಿಯವರೇ ಕೂರಿಸಿದ್ದು. ರೇಡಿಯೋ ಉಂಟು, ಸಿ.ಡಿ. ಉಂಟು, ಯು.ಎಸ್.ಬಿ. ಇಲ್ಲ, ಬ್ಲೂಟೂತ್ ಇಲ್ಲ, ಆಕ್ಸ್ ತೂತಂತೂ ಇಲ್ಲವೇ ಇಲ್ಲ. ತೂತಿರಬೇಕಾದ ಜಾಗದಲ್ಲಿ ಉಗುರಿನಗಲದ ಒಂದು ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಕುಳಿತಿತ್ತು. ಅದೇಕೆ ಇದೆಯೆಂದು ನಾವು ಯೋಚಿಸಿರಲೇ ಇಲ್ಲ.

ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಕಾರಿನ ಸಾಮಾನುಗಳ ಅಂಗಡಿಗಳು ಸಾಲುಸಾಲಾಗಿವೆ. ಅಪ್ಪನೊಡನೆ ನಾನೂ ಹೋದೆ. ಮೊದಲ ಅಂಗಡಿಯವರು ಪ್ಲೇಯರನ್ನು ಕೈಗೆ ತೆಗೆದುಕೊಂಡು, ಹಳೆಯ ಕಾಲದ ನಾಣ್ಯವನ್ನು ನೋಡಿದಂತೆ ತಿರುಗಿಸಿ ನೋಡಿ, "ಇದನ್ನೂ ಬಿಸಾಕಿ ಸಾರ್, ಆ ಸೆಟ್ಟನ್ನೂ ಬಿಸಾಕಿ. ಒಂಬತ್ತು ಸಾವಿರಕ್ಕೆ ದೊಡ್ಡ ಸ್ಕ್ರೀನು ಹಾಕಿಕೊಡ್ತೀವಿ" ಎಂದರು. ಎರಡನೆಯ ಅಂಗಡಿಯವರು ಅದನ್ನೇ ಹನ್ನೊಂದು ಸಾವಿರಕ್ಕೆ ಹೇಳಿದರು. ಒಂದು ಕಾಲದ ಸೆಟ್ಟುಗಳು ೧೮೦ ಮಿಲಿಮೀಟರ್ ಅಗಲ, ೫೦ ಮಿಲಿಮೀಟರ್ ಎತ್ತರದ ಒಂದೇ ಅಳತೆಯ ಕಿಂಡಿಯಲ್ಲಿ ಕೂರುತ್ತಿದ್ದವು. ಒಂದನ್ನು ಎಳೆದು ಇನ್ನೊಂದನ್ನು ತಳ್ಳಿದರೆ ಮುಗಿಯುತ್ತಿತ್ತು. ನಮ್ಮ ಕಾರಿನದು ಹಾಗಲ್ಲ. ಸೆಟ್ಟಿನ ಮುಖ ಡ್ಯಾಶ್‌ಬೋರ್ಡಿನ ಆಕಾರದೊಡನೆಯೇ ಬೆಸೆದುಕೊಂಡಿದೆ. ಅದನ್ನು ತೆಗೆದರೆ ಬೇರೆ ಚೌಕಟ್ಟು ಬೇಕು, ಬೇರೆ ಕನೆಕ್ಟರ್ ಬೇಕು. ಚೆನ್ನಾಗಿ ಹಾಡುತ್ತಿರುವ ಒಂದು ಪೆಟ್ಟಿಗೆಯನ್ನು, ಅದಕ್ಕೆ ಬಾಗಿಲಿಲ್ಲವೆಂಬ ಒಂದೇ ಕಾರಣಕ್ಕೆ, ಗುಜರಿಗೆ ಹಾಕುವುದೆಂದರೆ ಅಪ್ಪನ ಮನಸ್ಸು ಒಪ್ಪಲಿಲ್ಲ.

ಸಿ.ಡಿ. ಮಾಡಿಸಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ನಾವೂ ಯೋಚಿಸಿದೆವು. ಮಾಮೂಲಿ ಹಾಡಿನ ಸಿ.ಡಿ.ಯಲ್ಲಿ ಹಿಡಿಯುವುದು ಎಂಬತ್ತು ನಿಮಿಷ ಮಾತ್ರ. ಅಜ್ಜಿಯ ಹಾಡು ಮೂರು ಗಂಟೆಗೂ ಮೀರಿದ್ದು. ಎರಡು ಮೂರು ಸಿ.ಡಿ.ಗಳಿಗೆ ಹಂಚೋಣವೆಂದರೆ ಸಿ.ಡಿ. ಬರೆಯುವ ಯಂತ್ರವಿರುವ ಕಂಪ್ಯೂಟರು ಈಗ ಎಲ್ಲಿದೆ? ನಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದಿತ್ತು. ಅದರ ಬಾಗಿಲು ತೆರೆದು ಕೆಟ್ಟು ಎರಡು ವರ್ಷವಾಗಿತ್ತು.

ಕೊನೆಗೆ ಅದೇ ಜೆ. ಸಿ. ರಸ್ತೆಯಲ್ಲಿ ಮುನ್ನೂರು ರೂಪಾಯಿಗೆ ಒಂದು ಎಫ್.ಎಂ. ಟ್ರಾನ್ಸ್‌ಮಿಟರ್ ಕೊಂಡೆವು. ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿ, ಪ್ಲೇಯರಿನಿಂದ ತಂತಿ ಕೊಟ್ಟರೆ, ಅದು ಕೆಲವೇ ಮಾರುಗಳಷ್ಟು ದೂರಕ್ಕೆ ಮುಟ್ಟುವ ಒಂದು ಗುಬ್ಬಚ್ಚಿ ರೇಡಿಯೋ ನಿಲಯವಾಗುತ್ತದೆ. ಕಾರಿನ ರೇಡಿಯೋವನ್ನು ಅದೇ ಸಂಖ್ಯೆಗೆ ತಿರುಗಿಸಿದರೆ ಹಾಡು ಬರುತ್ತದೆ. ಉಪಾಯ ಜಾಣತನದ್ದೇ. ತಿಪಟೂರಿಗೂ ಗುಬ್ಬಿಗೂ ನಡುವೆ ಅಜ್ಜಿ ನಿರಾತಂಕವಾಗಿ ಹಾಡಿದಳು. ತುಮಕೂರು ಕಳೆದ ಮೇಲೆ ಅವಳ ದನಿಯ ಜತೆಗೆ ಬೇರೊಂದು ದನಿ ಸೇರಿಕೊಂಡಿತು. ನೆಲಮಂಗಲ ದಾಟಿದೊಡನೆ ಅಜ್ಜಿ ಪೂರ್ತಿ ಮುಳುಗಿ, ನಿವೇಶನ ಮಾರುವವರ ಜಾಹೀರಾತು ಮೇಲೆ ತೇಲಿತು. ಎಫ್.ಎಂ.ಗೆ ಮೀಸಲಾದ ೮೮ರಿಂದ ೧೦೮ರವರೆಗಿನ ಪಟ್ಟಿಯಲ್ಲಿ ಬೆಂಗಳೂರಿನ ನಿಲಯಗಳು ಒತ್ತೊತ್ತಾಗಿ ಕುಳಿತಿವೆ. ಒಂದೇ ಸಂಖ್ಯೆಯ ಮೇಲೆ ಇಬ್ಬರು ಮಾತನಾಡಿದರೆ ಎಫ್.ಎಂ. ರೇಡಿಯೋ ಬಲಿಷ್ಠನ ಮಾತನ್ನೇ ಹಿಡಿಯುತ್ತದೆ, ದುರ್ಬಲನನ್ನು ಕೈಬಿಡುತ್ತದೆ. ಲೋಕದ ರೀತಿಯೂ ಅದೇ ಅಲ್ಲವೇ? ಖಾಲಿ ಸಂಖ್ಯೆಯನ್ನು ಹುಡುಕುತ್ತ ಗುಂಡಿ ಒತ್ತುವುದು ಚಾಲಕನಿಗೆ ತಕ್ಕ ಕೆಲಸವೂ ಅಲ್ಲ.

ಆಗ ನಾನು ಕಲಾ ವಿಭಾಗದವರಿಗೆ ಬರುವ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ: ಪುಸ್ತಕ ಓದಿದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ವಿಮೆಯ ಕಾಗದಗಳ ಅಡಿಯಲ್ಲಿ, ಕಾರಿನ ಕೈಪಿಡಿ ಬಿದ್ದಿತ್ತು. ಹಿಂದಿನ ಮಾಲೀಕರೂ ಅದನ್ನು ಬಿಡಿಸಿ ನೋಡಿದ ಗುರುತಿರಲಿಲ್ಲ. ಸ್ಟೀರಿಯೋದ ಅಧ್ಯಾಯದಲ್ಲಿ ರೇಡಿಯೋ, ಸಿ.ಡಿ. ಇವುಗಳ ನಂತರ ಆಕ್ಸ್ ಎಂಬ ಮೂರನೆಯ ಹೆಸರಿತ್ತು; ಅದರ ಪಕ್ಕದಲ್ಲಿ, ಕೆಲವು ಮಾದರಿಗಳಲ್ಲಿ ಮಾತ್ರ ಎಂಬ ಅರ್ಥದ ಮಾತು. ಚಿತ್ರದಲ್ಲಿದ್ದ ಸೆಟ್ಟು ಮಾತ್ರ ಅಕ್ಷರಶಃ ನಮ್ಮದೇ.

ಕೈಪಿಡಿಯನ್ನು ಹಿಡಿದುಕೊಂಡು ನಮ್ಮ ಊರಿನ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಹೋದೆವು. ಅವರು ಮೊದಲು ಕೇಳಿದ್ದು, "ಸೆಟ್ಟಿನ ಕೋಡ್ ನಂಬರ್ ಇದೆಯಾ?" ಎಂದು. ಕಂಪನಿಯ ಕೆಲವು ಸೆಟ್ಟುಗಳು ಬ್ಯಾಟರಿಯ ಸಂಪರ್ಕ ತಪ್ಪಿದರೆ ಕಳವಾಯಿತೆಂದು ತಿಳಿದು ಬಾಯಿ ಮುಚ್ಚಿಕೊಳ್ಳುತ್ತವಂತೆ; ಕೋಡ್ ಹೇಳಿದರೆ ಮಾತ್ರ ಮತ್ತೆ ಹಾಡುತ್ತವೆ. ಅದೃಷ್ಟಕ್ಕೆ ಕೈಪಿಡಿಯಲ್ಲಿಯೇ ಒಂದು ಚೀಟಿ ಅಂಟಿಸಿತ್ತು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಏರ್‌ಬ್ಯಾಗಿನ ಹಳದಿ ತಂತಿಗಳ ಹತ್ತಿರ ಕೈಯನ್ನೇ ಒಯ್ಯದೆ, ಅವರು ಸೆಟ್ಟನ್ನು ಹೊರಕ್ಕೆಳೆದು ಹಿಂದುಮುಂದು ಮಾಡಿ ನೋಡಿದರು. ಆಮೇಲೆ ನಕ್ಕು, "ಜಾಗ ಎಲ್ಲಾ ಐತೆ ಸಾರ್, ತೂತು ಮಾತ್ರ ಬಿಟ್ಟಿಲ್ಲ" ಎಂದರು. ಹಿಂಬದಿಯಲ್ಲಿ ಎಡ, ಬಲ, ನೆಲ ಎಂಬ ಮೂರು ಪಿನ್ನುಗಳು ಯಾರೂ ಮುಟ್ಟದೆ ಹೊಳೆಯುತ್ತಿದ್ದವು. ಮೇಲ್ದರ್ಜೆಯ ಕಾರಿಗೆ ಅವುಗಳಿಂದ ಒಂದು ತಂತಿಯೆಳೆದು ಮುಂದಕ್ಕೆ ತೂತು ಕೊಟ್ಟಿದ್ದರು. ನಮ್ಮ ದರ್ಜೆಗೆ ಕಪ್ಪು ಬಿಲ್ಲೆ. ಅವರು ಬಿಲ್ಲೆಯನ್ನು ಕಿತ್ತು ಅಲ್ಲಿ ಸಾಕೆಟ್ ಕೂರಿಸಿದರು. ತಂತಿಗೂ ಕೆಲಸಕ್ಕೂ ಸೇರಿ ಮುನ್ನೂರೈವತ್ತು ರೂಪಾಯಿ.

ಮೊದಲ ದಿನ ಒಂದು ತೊಡಕು ಬಂತು. ಪ್ಲೇಯರನ್ನು ಲೈಟರಿನ ಸಾಕೆಟ್ಟಿನಿಂದ ಚಾರ್ಜು ಮಾಡುತ್ತ ಹಾಡಿಸಿದರೆ ಹಾಡಿನ ಹಿಂದೆ ಗುಂಯ್ ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಅದೂ ಏರುತ್ತಿತ್ತು. ಇದು ಆಲ್ಟರ್ನೇಟರಿನ ಸದ್ದು. ಚಾರ್ಜರಿನ ತಂತಿಯಿಂದಲೂ ಹಾಡಿನ ತಂತಿಯಿಂದಲೂ ಪ್ಲೇಯರಿಗೆ ಕಾರಿನ ನೆಲದ ಸಂಪರ್ಕ ಎರಡು ದಾರಿಯಲ್ಲಿ ಆಗುವುದರಿಂದ ಅದು ಹಾಡಿನೊಳಕ್ಕೆ ನುಸುಳುತ್ತದೆ. ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕಿದರೆ ಹೋಗುತ್ತದೆ. ಪ್ಲೇಯರನ್ನು ಮನೆಯಲ್ಲೇ ಚಾರ್ಜು ಮಾಡಿ, ದಾರಿಯಲ್ಲಿ ಅದರ ಬ್ಯಾಟರಿಯಿಂದಲೇ ಹಾಡಿಸಿದರೂ ಹೋಗುತ್ತದೆ. ನಾವು ಎರಡನೆಯದನ್ನು ಮಾಡಿದೆವು, ಖರ್ಚಿಲ್ಲ. ಪ್ಲೇಯರಿನ ಧ್ವನಿಯನ್ನು ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಮಿಕ್ಕ ಏರಿಳಿತವನ್ನೆಲ್ಲ ಸ್ಟೀರಿಯೋದಲ್ಲಿ ಮಾಡಬೇಕು. ಪ್ಲೇಯರನ್ನು ಕೊನೆಯವರೆಗೆ ಏರಿಸಿದರೆ ಹಾಡು ಒಡೆಯುತ್ತದೆ. ತೀರ ಇಳಿಸಿದರೆ ಸ್ಟೀರಿಯೋದ ಸ್ವಂತದ ಸೊರಸೊರ ಮೇಲೇಳುತ್ತದೆ.

ಇಲ್ಲಿಗೆ ಕಥೆ ಮುಗಿಯಿತು, ಅಭಿಪ್ರಾಯ ಆರಂಭವಾಗುತ್ತದೆ.

ಈ ಪುಟ್ಟ ತೂತಿನ ಕುಲಗೋತ್ರ ಸಾಮಾನ್ಯವಾದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕುಳಿತ ಹೆಣ್ಣುಮಕ್ಕಳು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲಪಿಸಲು ಫಲಕದ ರಂಧ್ರಗಳಿಗೆ ಚುಚ್ಚುತ್ತಿದ್ದ ಪ್ಲಗ್ಗು ಇದರ ಮುತ್ತಜ್ಜಿ. ಅದು ಕಾಲಿಂಚು ದಪ್ಪವಿತ್ತು. ಅದೇ ಸಣ್ಣದಾಗಿ ೩.೫ ಮಿಲಿಮೀಟರ್ ಆಯಿತು. ೧೯೭೯ರಲ್ಲಿ ವಾಕ್‌ಮನ್ ಬಂದ ಮೇಲೆ ಲೋಕದ ಜೇಬುಗಳಿಗೆಲ್ಲ ಇಳಿಯಿತು. ಇದರ ಒಂದು ಗುಣವನ್ನು ಗಮನಿಸಬೇಕು: ಅದು ಯಾರನ್ನೂ ಕುಲ ಕೇಳುವುದಿಲ್ಲ. ಪ್ಲೇಯರ್ ಯಾವ ದೇಶದ್ದು, ಸ್ಟೀರಿಯೋ ಯಾವ ಕಂಪನಿಯದು, ಹಾಡು ಕೊಂಡದ್ದೋ ಮನೆಯಲ್ಲಿ ಹಾಡಿದ್ದೋ, ಒಂದನ್ನೂ ವಿಚಾರಿಸದೆ ಹಾಡನ್ನು ದಾಟಿಸುತ್ತದೆ. ಹಳ್ಳಿಯ ಅರವಟ್ಟಿಗೆಯಂತೆ, ಬಂದವರಿಗೆಲ್ಲ ನೀರು.

ಕುಲ ಕೇಳುವ ಬಾಗಿಲುಗಳ ಗತಿ ಏನಾಯಿತೆಂಬುದನ್ನೂ ನೋಡೋಣ. ೨೦೦೧ರಲ್ಲಿ ಐಪಾಡ್ ಬಂದಿತು. ೨೦೦೩ರಲ್ಲಿ ಅದಕ್ಕೆ ಮೂವತ್ತು ಪಿನ್ನುಗಳ ತನ್ನದೇ ಆದ ಅಗಲ ಬಾಯಿ ಬಂದಿತು. ಎಷ್ಟೋ ಕಾರು ತಯಾರಕರು ಆ ಬಾಯಿಗೆ ಹೊಂದುವ ತಂತಿಯನ್ನೇ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿ ಅದನ್ನೊಂದು ಹೆಗ್ಗಳಿಕೆಯೆಂದು ಸಾರಿದರು. ೨೦೧೨ರಲ್ಲಿ ಆ ಕಂಪನಿ ಬಾಯಿಯ ಆಕಾರವನ್ನು ಬದಲಿಸಿತು. ೨೦೨೨ರಲ್ಲಿ ಐಪಾಡಿನ ತಯಾರಿಕೆಯೇ ನಿಂತಿತು. ೨೦೨೩ರಲ್ಲಿ ಅದೇ ಕಂಪನಿಯ ಫೋನಿನ ಬಾಯಿ ಮತ್ತೊಮ್ಮೆ ಬದಲಾಗಿ, ಎಲ್ಲರೂ ಬಳಸುವ ಟೈಪ್-ಸಿ ಆಯಿತು. ಕಾರೆಂಬುದು ಹದಿನೈದು ಇಪ್ಪತ್ತು ವರ್ಷ ಬಾಳುವ ವಸ್ತು. ಜೇಬಿನ ಯಂತ್ರವಾದರೋ ಮೂರು ನಾಲ್ಕು ವರ್ಷದ್ದು. ದೀರ್ಘಾಯುವಾದವನು ಅಲ್ಪಾಯುವಾದವನ ಒಂದು ವಿಶಿಷ್ಟ ಚಹರೆಯನ್ನೇ ನಂಬಿಕೊಂಡರೆ ಬೇಗ ಒಂಟಿಯಾಗುತ್ತಾನೆ. ಆ ಕಾರುಗಳಲ್ಲಿ ಪಕ್ಕದಲ್ಲೇ ಆಕ್ಸ್ ತೂತೂ ಇದ್ದವರು ಬದುಕಿಕೊಂಡರು.

ಇಷ್ಟು ಹೇಳಿದಾಗ ನಮ್ಮ ಉಪನ್ಯಾಸಕರೊಬ್ಬರು, "ಬ್ಲೂಟೂತ್ ಬಂದಿರುವಾಗ ತೂತಿಗೇಕೆ ಅಳುತ್ತೀಯಮ್ಮ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ತಂತಿಯಿಲ್ಲದ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬ್ಲೂಟೂತ್ ಮಾತನಾಡಬೇಕಾದರೆ ಎರಡೂ ಕಡೆಯವರಿಗೆ ಆ ಭಾಷೆ ಬರಬೇಕು. ಅಜ್ಜಿಯ ಪದಗಳಿರುವ ಪ್ಲೇಯರಿಗೆ ಅದು ಬರುವುದಿಲ್ಲ. ಅಲ್ಲದೆ ಬ್ಲೂಟೂತಿನಲ್ಲಿಯೂ ಫೋನಿನ ಮಾತಿಗೊಂದು ಕ್ರಮ, ಸಂಗೀತಕ್ಕೊಂದು ಕ್ರಮ ಉಂಟು. ಮೊದಮೊದಲ ಎಷ್ಟೋ ಕಾರುಗಳಲ್ಲಿ ಮಾತಿನ ಕ್ರಮವನ್ನು ಮಾತ್ರ ಕೊಟ್ಟಿದ್ದರು. ಅವುಗಳಲ್ಲಿ ಮಾವನೊಡನೆ ಮಾತನಾಡಬಹುದು, ಹಾಡು ಕೇಳಲಾಗದು. ಇನ್ನೂ ಒಂದು ಸ್ವಾರಸ್ಯವಿದೆ. ಹಳೆಯ ಕಾರಿಗೆ ಬ್ಲೂಟೂತ್ ಬೇಕೆನ್ನುವವರಿಗಾಗಿ ಹೆಬ್ಬೆರಳಿನಷ್ಟು ಗಾತ್ರದ ರಿಸೀವರುಗಳು ಕೆಲವು ನೂರು ರೂಪಾಯಿಗೆ ದೊರೆಯುತ್ತವೆ. ಅವನ್ನು ಎಲ್ಲಿ ಸಿಕ್ಕಿಸಬೇಕು? ಆಕ್ಸ್ ತೂತಿನಲ್ಲಿಯೇ! ತಂತಿಯನ್ನು ಸೋಲಿಸಿದೆನೆಂದು ಬೀಗುವವನೂ ಹಳೆಯ ಮನೆಗೆ ಬರಬೇಕಾದರೆ ತಂತಿಯ ಬಾಗಿಲಲ್ಲಿಯೇ ತಲೆಬಾಗಿಸಿ ಬರಬೇಕು. ನಾಳೆ ಬ್ಲೂಟೂತನ್ನು ಮೀರಿಸುವ ಇನ್ನೊಂದು ಬಂದರೆ ಅದಕ್ಕೂ ಇದೇ ದಾರಿ.

ಎರಡನೆಯ ಆಕ್ಷೇಪಣೆ ಖರ್ಚಿನದು: ಬೇಡದವರಿಗೂ ತೂತು ಕೊಟ್ಟು ಬೆಲೆ ಏರಿಸುವುದೇಕೆ? ನಮ್ಮ ಕಾರಿನ ನಿದರ್ಶನವೇ ಇದಕ್ಕೆ ಉತ್ತರ. ಒಳಗಿನ ವ್ಯವಸ್ಥೆಯೆಲ್ಲ ಇತ್ತು. ಕೊಡದೆ ಉಳಿಸಿದ್ದು ಒಂದು ಗೇಣುದ್ದದ ತಂತಿ, ಒಂದು ಸಾಕೆಟ್. ದರ್ಜೆಗಳ ನಡುವೆ ಅಂತರವಿರಲಿ; ದುಬಾರಿ ಕಾರಿನವರಿಗೆ ಮೆತ್ತನೆಯ ಸೀಟು, ಹೊಳೆಯುವ ಚಕ್ರ ಸಿಗಲಿ, ನಮಗೆ ಅಸೂಯೆಯಿಲ್ಲ. ಆದರೆ ಆಗಲೇ ಇರುವ ಸೌಕರ್ಯದ ಮೇಲೆ ಬಿಲ್ಲೆ ಮುಚ್ಚಿ, ಅಗ್ಗದ ಕಾರಿನವನಿಗೆ ಇದು ಕಾಣದಿರಲಿ ಎನ್ನುವುದು ವ್ಯಾಪಾರವಿರಬಹುದು, ಮರ್ಯಾದೆಯಲ್ಲ. ಕೊಬ್ಬರಿ ವ್ಯಾಪಾರಿಯ ಮಗಳಾದುದರಿಂದ ವ್ಯಾಪಾರಕ್ಕೂ ಮರ್ಯಾದೆಯುಂಟೆಂದು ನಾನು ಬಲ್ಲೆ.

ಮೂರನೆಯದು ಸುರಕ್ಷತೆಯ ಮಾತು. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ತಿಳಿಯದವರು ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಬಾರದು. ಕಾರು ಓಡುತ್ತಿರುವಾಗ ಹಾಡು ಹುಡುಕಬಾರದು. ಹೊರಡುವ ಮೊದಲೇ ಹಾಡನ್ನು ಹಚ್ಚಿ, ಪ್ಲೇಯರನ್ನು ಕೆಳಗಿಡಬೇಕು. ಆದರೆ ಈ ಕಾರಣಕ್ಕೇ ತೂತು ಬೇಕೆನ್ನುತ್ತೇನೆ. ಕಾರ್ಖಾನೆಯಲ್ಲಿಯೇ ಅದನ್ನು ಕೊಟ್ಟಿದ್ದರೆ ನಮ್ಮಂಥವರು ಡ್ಯಾಶ್‌ಬೋರ್ಡನ್ನು ಬಿಚ್ಚಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಮೆಟ್ಟಿಲಿಲ್ಲದ ಮನೆಯವರೇ ಗೋಡೆ ಹತ್ತುವುದು.

ಈಚೆಗೆ ಬರುತ್ತಿರುವ ಹಲವು ಕಾರುಗಳಲ್ಲಿ ಸಿ.ಡಿ.ಯ ಜತೆಗೆ ಆಕ್ಸ್ ತೂತೂ ಮಾಯವಾಗಿದೆ. ದೊಡ್ಡ ಗಾಜಿನ ಪರದೆ ಬಂದಿದೆ. ಅನೇಕ ಫೋನುಗಳಲ್ಲಿಯೂ ಇಯರ್‌ಫೋನಿನ ತೂತಿಲ್ಲ. ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುವುದು ಸಹಜವೆಂದು ಸುಮ್ಮನಿರಬಹುದು. ಆದರೆ ಹಳೆಯ ನೀರಿನಲ್ಲಿ ಏನೇನು ತೇಲಿಹೋಗುತ್ತಿದೆಯೆಂದು ದಡದಲ್ಲಿ ನಿಂತವರಾದರೂ ನೋಡಬೇಡವೇ? ಕೊಂಡ ಹಾಡು ಇನ್ನೊಂದು ರೂಪದಲ್ಲಿ ಮತ್ತೆ ಅಂಗಡಿಯಲ್ಲಿ ಸಿಕ್ಕೀತು. ಮನೆಯವರ ಹಾಡು ಯಾವ ಅಂಗಡಿಯಲ್ಲಿ ಸಿಕ್ಕೀತು? ನಮ್ಮ ಸಹಪಾಠಿಗಳ ಮನೆಗಳಲ್ಲಿ ಎಷ್ಟು ಪೆಟ್ಟಿಗೆಗಳ ತಳದಲ್ಲಿ ಎಷ್ಟು ಅಜ್ಜಿಯರ ದನಿ ಕುಳಿತಿದೆಯೋ ಯಾರು ಬಲ್ಲರು?

ಆದುದರಿಂದ ಸಹೃದಯ ವಾಚಕರಲ್ಲಿ ನನ್ನ ಅರಿಕೆ ಮೂರು. ಮೊದಲನೆಯದು, ಅಂಥ ಪ್ಲೇಯರೋ ಹಳೆಯ ಫೋನೋ ನಿಮ್ಮ ಮನೆಯಲ್ಲಿದ್ದರೆ, ತಂತಿ ಹುಡುಕುವ ಮೊದಲು ಅದರೊಳಗಿನದನ್ನು ಎರಡು ಕಡೆ ನಕಲು ಮಾಡಿಡಿ, ಬ್ಯಾಟರಿಗಳಿಗೂ ಮುಪ್ಪುಂಟು. ಎರಡನೆಯದು, ಇರುವ ಕಾರಿನ ಕೈಪಿಡಿಯನ್ನು ಒಮ್ಮೆ ಓದಿ. ನೀವು ಇಲ್ಲವೆಂದುಕೊಂಡ ಬಾಗಿಲು ಆರ್ಮ್‌ರೆಸ್ಟಿನ ಒಳಗೋ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೋ ಅಡಗಿರಬಹುದು. ಮೂರನೆಯದು, ಮುಂದೆ ನೀವು ನೌಕರಿ ಹಿಡಿದು ಕಾರು ಕೊಳ್ಳಹೋದಾಗ ಮೈಲೇಜನ್ನೂ ಬಣ್ಣವನ್ನೂ ಕೇಳಿದ ಮೇಲೆ, ಆಕ್ಸ್ ತೂತು ಇದೆಯೇ ಎಂದು ಒಂದು ಮಾತು ಕೇಳಿ. ಕೇಳುವವರಿಲ್ಲದ ವಸ್ತುವನ್ನು ಯಾವ ವ್ಯಾಪಾರಿಯೂ ಇಡುವುದಿಲ್ಲ, ಕೇಳಿದರೆ ಇಟ್ಟಾನು.

ಸಾಕೆಟ್ ಕೂರಿಸಿದ ಮರುದಿನ ಬೆಂಗಳೂರಿಗೆ ಹೊರಟಾಗ ಅಪ್ಪನ ಪಕ್ಕದಲ್ಲಿ ನಾನೂ ಕುಳಿತಿದ್ದೆ. ಮೊದಲ ಪದಕ್ಕೆ ಮುಂಚೆ ಅಜ್ಜಿಯ ಮಾತೊಂದು ಇದೆ. "ಏನ್ಲಾ ಇದು, ನಾ ಮಾತಾಡಿದ್ನೂ ಹಿಡ್ಕಂತೈತಾ?" ಎಂದು ಅವಳು ಚಿಕ್ಕಪ್ಪನನ್ನು ಕೇಳುತ್ತಾಳೆ. ದೂರದಲ್ಲಿ ಒಂದು ಕೋಳಿ ಕೂಗುತ್ತದೆ. ಯಾವುದೋ ಮಗು ಅಳುತ್ತದೆ, ಅದು ನಾನೇ ಇರಬೇಕು. ಇಯರ್‌ಫೋನಿನಲ್ಲಿ ಆ ಕೋಳಿಯ ಸದ್ದನ್ನು ನಾವು ಗಮನಿಸಿಯೇ ಇರಲಿಲ್ಲ. ನೆಲಮಂಗಲ ಬಂತು, ದಾಟಿತು. ಅಜ್ಜಿ ಹಾಡುತ್ತಲೇ ಇದ್ದಳು. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, "ಒಂಚೂರು ಜಾಸ್ತಿ ಮಾಡವ್ವ" ಎಂದರು. ನಾನು ಜಾಸ್ತಿ ಮಾಡಿದೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ